ಖಾಲಿ ಹೊಟ್ಟೆಯ ಬಿದಿರಿಗೆ ಎಲ್ಲಿಂದ ಬಂತು ಬಲ?

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನ ಪುಟ್ಟ ತೋಡೂ ಹೊಳೆಯ ಹಾಗೆ ಗದ್ದಲ ಮಾಡುತ್ತದೆ. ಆದರೂ ಆಚೆ ದಡದ ಗದ್ದೆಗೆ ಹೋಗಲೇಬೇಕಲ್ಲ! ಅದಕ್ಕೇ ಹಳ್ಳಿಗಳಲ್ಲಿ ಬಿದಿರನ್ನೋ ಅಡಿಕೆ ಮರವನ್ನೋ ದಡದಿಂದ ದಡಕ್ಕೆ ಹಾಸಿ ಪಾಲ ಕಟ್ಟುತ್ತಾರೆ. ನೀವು ನಡುವಿಗೆ ಬಂದಾಗ ಪಾಲ ತುಸು ಬಾಗುತ್ತದೆ. ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ. ಹಾಗೆ ಬಾಗುವಾಗ ಅದರ ಮೈಯೊಳಗೆ ಏನಾಗುತ್ತದೆ? ಬನ್ನಿ, ಇಣುಕಿ ನೋಡೋಣ.

ಅಡುಗೆಮನೆಯಿಂದ ಪಾತ್ರೆ ತಿಕ್ಕುವ ದಪ್ಪ ಸ್ಪಂಜೊಂದನ್ನು ತನ್ನಿ. ಹೊಸದಾದರೆ ಅಮ್ಮನನ್ನು ಕೇಳಿಯೇ ತನ್ನಿ. ಅದರ ಪಕ್ಕದ ಮೈಮೇಲೆ ಪೆನ್ನಿನಿಂದ ಸಮ ಅಂತರದಲ್ಲಿ ಮೇಲಿಂದ ಕೆಳಕ್ಕೆ ನೆಟ್ಟಗಿನ ಗೆರೆಗಳನ್ನು ಎಳೆಯಿರಿ. ಈಗ ಎರಡೂ ತುದಿ ಹಿಡಿದು, ನಡು ಕೆಳಗಿಳಿಯುವಂತೆ ಬಗ್ಗಿಸಿ. ಮೇಲೆ ಗೆರೆಗಳು ಹತ್ತಿರ ಹತ್ತಿರ ಬಂದವು, ಕೆಳಗೆ ದೂರ ದೂರ ಸರಿದವು. ನಟ್ಟನಡುವೆ ಮಾತ್ರ ಅಂತರ ಮೊದಲಿದ್ದಷ್ಟೇ ಇದೆ.

ಪಾಲದ ಬಿದಿರಿಗೂ ಆಗುವುದು ಇದೇ. ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ತಳಭಾಗ ಎಳೆದುಕೊಳ್ಳುತ್ತದೆ. ನಡುವಿನ ಪದರಕ್ಕೆ ಒತ್ತಡವೂ ಇಲ್ಲ, ಎಳೆತವೂ ಇಲ್ಲ. ಎಂಜಿನಿಯರುಗಳು ಅದನ್ನು ತಟಸ್ಥ ಪದರ ಎನ್ನುತ್ತಾರೆ. ನಾನಾದರೆ ಸೋಮಾರಿ ಪದರ ಎಂದೇ ಕರೆಯುತ್ತಿದ್ದೆ! ಅದರಿಂದ ದೂರ ಹೋದಷ್ಟೂ ದುಡಿಮೆ ಹೆಚ್ಚು.

ನಡುವಿಗೆ ಕೆಲಸವೇ ಇಲ್ಲದಿದ್ದರೆ ಅಲ್ಲಿ ಕಟ್ಟಿಗೆ ತುಂಬಿ ಏನು ಪ್ರಯೋಜನ? ಬಿದಿರಿನ ಹೊಟ್ಟೆ ನೋಡಿ, ಖಾಲಿ. ಒಂದು ಲೆಕ್ಕ ಮಾಡೋಣ. 16 ಕಿಲೋ ತೂಗುವ ಗಟ್ಟಿ ದುಂಡು ಕೋಲೊಂದು 160 ಕಿಲೋ ಭಾರ ತಡೆಯುತ್ತದೆ ಎಂದುಕೊಳ್ಳಿ. ಅದರ ಅರ್ಧ ಅಗಲದಷ್ಟು ತೂತನ್ನು ಉದ್ದಕ್ಕೂ ನಡುವೆ ಕೊರೆದರೆ ಕೋಲಿನ ತೂಕ 12 ಕಿಲೋಗೆ ಇಳಿಯುತ್ತದೆ. ಆದರೂ ಅದು 150 ಕಿಲೋ ತಡೆಯಬಲ್ಲದು. ಕಾಲುಭಾಗ ಕಟ್ಟಿಗೆ ಹೋಯಿತು, ಬಲ ಹೋದದ್ದು ಹದಿನಾರರಲ್ಲಿ ಒಂದು ಭಾಗ ಮಾತ್ರ!

ಇಟಲಿಯ ಗೆಲಿಲಿಯೊ ಗೊತ್ತಲ್ಲ, ದೂರದರ್ಶಕದಲ್ಲಿ ಗುರುಗ್ರಹದ ಚಂದ್ರರನ್ನು ಕಂಡವರು? ಅವರು 1638ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹಕ್ಕಿಯ ಮೂಳೆ ಮತ್ತು ಜೊಂಡು ಟೊಳ್ಳಾಗಿದ್ದೂ ಅಷ್ಟೊಂದು ಗಟ್ಟಿ ಯಾಕೆ ಎಂದು ಚರ್ಚಿಸಿದ್ದಾರೆ.

ಟೊಳ್ಳಿಗೆ ಒಂದು ಅಪಾಯವೂ ಇದೆ. ಕಾಗದವನ್ನು ಕೊಳವೆಯಂತೆ ಸುತ್ತಿ ಬಗ್ಗಿಸಿ ನೋಡಿ, ನಡುವೆ ಚಪ್ಪಟೆಯಾಗಿ ಮಡಿಸಿಹೋಗುತ್ತದೆ. ಬಿದಿರು ಹಾಗೆ ಸುಲಭವಾಗಿ ಚಪ್ಪಟೆಯಾಗದಂತೆ ಗಿಣ್ಣುಗಳು ಕಾಯುತ್ತವೆ. ಒಂದೊಂದು ಗಿಣ್ಣಿನ ಒಳಗೂ ಒಂದು ಅಡ್ಡಗೋಡೆ ಇದೆ. ಮಳೆಗಾಲದಲ್ಲಿ ಪಲ್ಯಕ್ಕೆಂದು ಕಣಿಲೆ, ಅಂದರೆ ಎಳೆ ಬಿದಿರನ್ನು, ಸೀಳುವಾಗ ಹತ್ತಿರ ಕೂತು ನೋಡಿ. ಅಷ್ಟು ಎಳೆಯದರಲ್ಲೂ ಆ ಗೋಡೆಗಳು ಸಾಲಾಗಿ ಸಿದ್ಧವಾಗಿರುತ್ತವೆ. ಬಲಿತ ಬಿದಿರನ್ನು ಕಡಿದ ಜಾಗದಲ್ಲಿ ಇನ್ನೊಂದು ಸೋಜಿಗ ಕಾಣುತ್ತದೆ: ಕಪ್ಪು ಚುಕ್ಕೆಗಳು ಒಳಗಡೆ ವಿರಳ, ಸಿಪ್ಪೆಯ ಬಳಿ ಒತ್ತೊತ್ತು. ಅವು ನಾರಿನ ಕಂತೆಗಳು. ದುಡಿಮೆ ಹೆಚ್ಚಿರುವ ಕಡೆಯೇ ನಾರೂ ಹೆಚ್ಚು. ಅಡಿಕೆ ಮರದ್ದೂ ಇದೇ ಕತೆ, ಹೊರಗೆ ಗಟ್ಟಿ, ಒಳಗೆ ಮೆತ್ತಗೆ.

ಹಲಗೆಯ ವಿಷಯ ಇನ್ನೂ ಮಜವಾಗಿದೆ. ನಿಮ್ಮ ಸ್ಕೇಲನ್ನು ಎರಡು ಪುಸ್ತಕದ ರಾಶಿಗಳ ನಡುವೆ ಮಲಗಿಸಿ ಬೆರಳಿಂದ ಒತ್ತಿದರೆ ಸುಲಭವಾಗಿ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿ, ಜಗ್ಗುವುದೇ ಇಲ್ಲ: ಈಗ ಸೋಮಾರಿ ಪದರದಿಂದ ದೂರ ಇರುವ ಭಾಗ ಹೆಚ್ಚು. ಈಗ ಹೆಂಚಿನ ಮನೆಯ ಮಾಡನ್ನು ತಲೆಯೆತ್ತಿ ನೋಡಿ. ಪಕ್ಕಾಸುಗಳನ್ನು ಮಲಗಿಸಿಲ್ಲ, ಅಂಚಿನ ಮೇಲೆ ನಿಲ್ಲಿಸಿದ್ದಾರೆ. 2 ಇಂಚು ದಪ್ಪ, 4 ಇಂಚು ಅಗಲದ ಪಕ್ಕಾಸನ್ನು ಹಾಗೆ ನಿಲ್ಲಿಸಿದರೆ, ಮಲಗಿಸಿದ್ದಕ್ಕಿಂತ ಎರಡು ಪಟ್ಟು ಭಾರ ಹೊರುತ್ತದೆ. ಅದೇ ಭಾರಕ್ಕೆ ಬಾಗುವುದೂ ನಾಲ್ಕರಲ್ಲಿ ಒಂದು ಪಾಲು ಅಷ್ಟೇ.

ಹಾಗಾದರೆ ಕೊಡವರ ಮೂಲಮನೆಯಾದ ಐನ್‌ಮನೆಯ ಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಹಾಕಿರುವ ಐಮರ ಎಂಬ ಹಲಗೆಯನ್ನು ಯಾಕೆ ಮಲಗಿಸಿದ್ದಾರೆ? ಅಂಚಿನ ಮೇಲೆ ನಿಲ್ಲಿಸಿದರೆ ಅಜ್ಜಯ್ಯ ಕೂರುವುದು ಹೇಗೆ! ಅದಕ್ಕೇ ಅಲ್ಲಿಗೆ ದಪ್ಪನೆಯ ಹಲಗೆಯೇ ಬೇಕು.

ಇನ್ನು ಉದ್ದ. ತೋಡು ಎರಡು ಪಟ್ಟು ಅಗಲವಾದರೆ ಅಷ್ಟೇ ದಪ್ಪದ ಬಿದಿರು ನಡುವಿನಲ್ಲಿ ಅರ್ಧ ಭಾರವನ್ನಷ್ಟೇ ತಡೆಯುತ್ತದೆ. ಅಷ್ಟೇ ತೂಕದ ಹುಡುಗ ನಿಂತರೂ ಎಂಟು ಪಟ್ಟು ಬಾಗುತ್ತದೆ. ಹಾಗಾಗಿ ದೊಡ್ಡ ಹೊಳೆಗೆ ಬೇರೆಯೇ ಉಪಾಯ ಬೇಕು. ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮದಲ್ಲಿ ತೂಗುಸೇತುವೆ ದಾಟಿದ್ದೀರಾ? ನಮ್ಮ ಬೆಟ್ಟಗಳಿಂದ ಸುಳ್ಯದ ಕಡೆಗೆ ಇಳಿಯುವ ಪಯಸ್ವಿನಿ ನದಿಗೆ ಅರಂಬೂರಿನಲ್ಲಿ 1989ರಲ್ಲಿ ಅಂಥದೊಂದು ಸೇತುವೆ ಕಟ್ಟಿದವರು ಎಂಜಿನಿಯರ್ ಗಿರೀಶ್ ಭಾರದ್ವಾಜ್. ಆಮೇಲೆ ಅವರು ಎಷ್ಟೋ ಹಳ್ಳಿಗಳಿಗೆ ತೂಗುಸೇತುವೆ ಕಟ್ಟಿಕೊಟ್ಟರು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಂಥ ಸೇತುವೆಯನ್ನು ಹೊತ್ತಿರುವ ಉಕ್ಕಿನ ಹಗ್ಗಕ್ಕೆ ಒತ್ತಿಕೊಳ್ಳುವ ಮೇಲ್ಭಾಗವಿಲ್ಲ, ಸೋಮಾರಿ ಪದರವೂ ಇಲ್ಲ. ಅದರ ಎಳೆ ಎಳೆಗೂ ಎಳೆತವನ್ನು ತಡೆಯುವುದೊಂದೇ ಕೆಲಸ.