ನಿಲ್ಲದೆ ದುಡಿಯುವ ಗಣಕಗಳು



ನಿಮ್ಮ ಮನೆಯ ಕಂಪ್ಯೂಟರ್ ಕೆಲಸದ ನಡುವೆ ಕೆಟ್ಟು ನಿಂತರೆ ಹಾಳಾಗುವುದು ಒಂದೆರಡು ಗಂಟೆಗಳ ಶ್ರಮ. ಬ್ಯಾಂಕಿನ ಲಕ್ಷಾಂತರ ಖಾತೆಗಳನ್ನು ನೋಡಿಕೊಳ್ಳುವ ಗಣಕ ಹಾಗೆ ನಿಂತರೆ ಏನಾದೀತು? ನೀವು ಕಾಲೇಜಿನ ಖಾತೆಗೆ ಸಾವಿರ ರೂಪಾಯಿ ಶುಲ್ಕ ವರ್ಗಾಯಿಸುತ್ತಿದ್ದೀರಿ ಎನ್ನಿ. ನಿಮ್ಮ ಖಾತೆಯಿಂದ ಹಣ ಕಳೆದಾಯಿತು. ಕಾಲೇಜಿನ ಖಾತೆಗೆ ಕೂಡುವ ಮೊದಲೇ ಯಂತ್ರ ನಿಂತಿತು. ಆ ಸಾವಿರ ರೂಪಾಯಿ ಈಗ ಯಾರದು?

ಇಂಥ ಹೊಣೆಗಾಗಿಯೇ ರೂಪಿಸಿದ ಗಣಕಗಳನ್ನು ಉನ್ನತ ದರ್ಜೆಯ ಸರ್ವರ್‌ಗಳು ಎನ್ನುತ್ತಾರೆ. ವೇಗದಷ್ಟೇ ಮುಖ್ಯವಾದುದು ಅವುಗಳ ಲಭ್ಯತೆ. ಸ್ವಲ್ಪ ಲೆಕ್ಕ ಮಾಡೋಣ. ವರ್ಷಕ್ಕೆ 8,760 ಗಂಟೆಗಳು. ನೂರಕ್ಕೆ 99 ಪಾಲು ಕಾಲ ದುಡಿಯುವ ಯಂತ್ರ ಒಳ್ಳೆಯದೆಂದೇ ತೋರುತ್ತದೆ. ಆದರೆ ಅದು ವರ್ಷದಲ್ಲಿ 87 ಗಂಟೆಗೂ ಹೆಚ್ಚು, ಅಂದರೆ ಮೂರೂವರೆ ದಿನಕ್ಕೂ ಮಿಕ್ಕಿ ನಿಂತಿರುತ್ತದೆ. ಲಭ್ಯತೆ ಶೇಕಡಾ 99.999 ಆದರೆ ನಿಲ್ಲುವುದು ಸುಮಾರು ಐದೂಕಾಲು ನಿಮಿಷ ಮಾತ್ರ.

ಇದು ಹೇಗೆ ಸಾಧ್ಯ? 1974ರಲ್ಲಿ ಜೇಮ್ಸ್ ಟ್ರೈಬಿಗ್ ಮತ್ತು ಸಂಗಡಿಗರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟ್ಯಾಂಡೆಮ್ ಕಂಪ್ಯೂಟರ್ಸ್ ಸಂಸ್ಥೆಯನ್ನು ಆರಂಭಿಸಿದರು. 1976ರಲ್ಲಿ ಅವರ ಮೊದಲ 'ನಾನ್‌ಸ್ಟಾಪ್' ಗಣಕ ಸಿಟಿಬ್ಯಾಂಕನ್ನು ಸೇರಿತು. ಅದರಲ್ಲಿ 2ರಿಂದ 16 ಸಂಸ್ಕಾರಕಗಳನ್ನು ಜೋಡಿಸಬಹುದಿತ್ತು. ಪ್ರತಿಯೊಂದಕ್ಕೂ ಅದರದೇ ಸ್ಮೃತಿ, ಅದರದೇ ವಿದ್ಯುತ್ ಪೂರೈಕೆ. ಅವುಗಳನ್ನು ಬೆಸೆಯುವ ಮಾರ್ಗಗಳೂ ಎರಡು. ಪ್ರತಿ ಸಂಸ್ಕಾರಕವೂ ಸೆಕೆಂಡಿಗೊಮ್ಮೆ "ನಾನಿದ್ದೇನೆ" ಎಂಬ ಸಂದೇಶವನ್ನು ಉಳಿದವಕ್ಕೆ ಕಳಿಸುತ್ತಿತ್ತು. ಸಂದೇಶ ಬಾರದಿದ್ದರೆ, ಆ ಕೆಲಸದ ಪ್ರತಿಯನ್ನು ಇಟ್ಟುಕೊಂಡಿದ್ದ ಇನ್ನೊಂದು ಸಂಸ್ಕಾರಕ ಅದನ್ನು ಮುಂದುವರಿಸುತ್ತಿತ್ತು.

ಎರಡು ಘಟಕಗಳು ತಲಾ ನೂರರಲ್ಲಿ ಒಂದು ಪಾಲು ಕಾಲ ನಿಲ್ಲುವುದಾದರೆ, ಎರಡೂ ಒಟ್ಟಿಗೆ ನಿಂತಿರುವ ಸಂಭವ ಹತ್ತು ಸಾವಿರದಲ್ಲಿ ಒಂದು. ಆದರೆ ಎರಡಕ್ಕೂ ಒಂದೇ ವಿದ್ಯುತ್ ತಂತಿ ಇದ್ದರೆ ಈ ಲೆಕ್ಕ ಸುಳ್ಳಾಗುತ್ತದೆ. ಪ್ರತಿಯೊಂದೂ ಬೇರೆಬೇರೆಯಾಗಿರಬೇಕೆಂಬ ಹಟ ಇದಕ್ಕಾಗಿಯೇ.

ಇನ್ನು ನಿಮ್ಮ ಸಾವಿರ ರೂಪಾಯಿಯ ಮಾತು. ಕಳೆಯುವುದು, ಕೂಡುವುದು ಎರಡನ್ನೂ ಗಣಕ ಒಂದೇ ವ್ಯವಹಾರವೆಂದು ಕಾಣುತ್ತದೆ. ಮಾಡುವ ಪ್ರತಿ ಬದಲಾವಣೆಯನ್ನೂ ಮೊದಲು ದಿನಚರಿಯಲ್ಲಿ ದಾಖಲಿಸುತ್ತದೆ. ನಡುವೆ ನಿಂತರೆ, ಮತ್ತೆ ಎದ್ದಾಗ ದಿನಚರಿಯನ್ನು ಓದಿ ಅರೆಬರೆ ವ್ಯವಹಾರವನ್ನು ರದ್ದು ಮಾಡುತ್ತದೆ. ಹಣ ಒಂದೋ ಕಾಲೇಜಿಗೆ ಸೇರಿರುತ್ತದೆ, ಇಲ್ಲವೇ ನಿಮ್ಮ ಖಾತೆಯಲ್ಲೇ ಇರುತ್ತದೆ. ನಡುವೆ ಎಲ್ಲೂ ಕಳೆದುಹೋಗದು.

ಹಾಗಾದರೆ ಇಂಥ ಯಂತ್ರಗಳು ನಿಲ್ಲುವುದೇ ಇಲ್ಲವೇ? ಟ್ಯಾಂಡೆಮ್‌ನಲ್ಲಿದ್ದ ಜಿಮ್ ಗ್ರೇ 1985ರಲ್ಲಿ ಇದನ್ನೇ ಪರಿಶೀಲಿಸಿದರು. ಯಂತ್ರಭಾಗಗಳಿಗಿಂತ ಹೆಚ್ಚಾಗಿ ನಿರ್ವಹಣೆಯ ತಪ್ಪುಗಳು ಮತ್ತು ತಂತ್ರಾಂಶದ ದೋಷಗಳೇ ಗಣಕವನ್ನು ನಿಲ್ಲಿಸುತ್ತಿದ್ದುದು ಅವರಿಗೆ ಕಂಡಿತು. ಬಿಡಿಭಾಗವನ್ನು ಇಮ್ಮಡಿ ಮಾಡುವುದು ಸುಲಭ. ನಿರ್ವಾಹಕನ ಒಂದು ತಪ್ಪು ಆದೇಶವನ್ನಾದರೋ ಎರಡು ಯಂತ್ರಗಳೂ ಅಷ್ಟೇ ನಿಷ್ಠೆಯಿಂದ ಪಾಲಿಸುತ್ತವೆ. ವ್ಯವಹಾರ ಸಂಸ್ಕರಣೆಯ ಸಂಶೋಧನೆಗಾಗಿ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ನಿಮಗೊಂದು ಲೆಕ್ಕ: ಅಂಥದೇ ಮೂರು ಘಟಕಗಳಿದ್ದರೆ ಮೂರೂ ಒಟ್ಟಿಗೆ ನಿಂತಿರುವ ಸಂಭವ ಎಷ್ಟು? ಉತ್ತರ ಬಂದ ಮೇಲೆ, ಆ ಮೂರಕ್ಕೂ ಸಾಮಾನ್ಯವಾದದ್ದು ಏನೇನಿರಬಹುದೆಂದು ಪಟ್ಟಿ ಮಾಡಿರಿ. ಗಣಕ ಶಿಲ್ಪಿಯ ನಿಜವಾದ ಕೆಲಸ ಆ ಪಟ್ಟಿಯಿಂದ ಆರಂಭವಾಗುತ್ತದೆ.