ಕಣ್ಣಿಗೆ ಬಿದ್ದ ಹೂವಿನ ಬೆನ್ನುಹತ್ತಿ

ದೀಪಾವಳಿಯ ಹೊತ್ತಿಗೆ ಆದವಾನಿ, ಆಲೂರು, ಕೌತಾಳಂ ಕಡೆಯ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಸಾಲು ನೀವು ನೋಡಿಯೇ ಇರುತ್ತೀರಿ. ನಿಮ್ಮ ಅವ್ವನೇ ಆ ಸಾಲಿನಲ್ಲಿದ್ದರೂ ಇದ್ದಾಳು. ಬಗ್ಗಿ ಕೈಹಾಕುವಾಗ ಒಣಗಿದ ಕಾಯಿಯ ಚೂಪು ಸಿಪ್ಪೆ ಕಣ್ಣಿಗೆ ಗೀರುತ್ತದೆ. ಸೆರಗು ಉಂಡೆ ಮಾಡಿ, ಬಾಯಿಂದ ಊದಿ ಬಿಸಿ ಮಾಡಿ, ಕಣ್ಣಿಗೆ ಒತ್ತಿಕೊಂಡು ಆಕೆ ಮತ್ತೆ ಸಾಲು ಹಿಡಿಯುತ್ತಾಳೆ, ಕೂಲಿ ತಪ್ಪಬಾರದಲ್ಲ. ಮರುದಿನ ಕಣ್ಣು ಕೆಂಪು. ಒಬ್ಬರು ಎದೆಹಾಲು ಹಾಕು ಅಂತಾರೆ, ಇನ್ನೊಬ್ಬರು ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತರುತ್ತಾರೆ. ಕೆಲವು ದಿನಕ್ಕೆ ಕರಿಗುಡ್ಡೆಯ ಮೇಲೊಂದು ಬಿಳಿ ಚುಕ್ಕೆ. "ಕಣ್ಣಿಗೆ ಹೂ ಬಿತ್ತು" ಎಂದು ಮನೆಯವರು ಹಣೆಬರಹದ ಮೇಲೆ ಹಾಕಿ ಸುಮ್ಮನಾಗುತ್ತಾರೆ.

ಹಣೆಬರಹವೇನಲ್ಲ, ಬಹಳ ಸಲ ಅದು ಶಿಲೀಂಧ್ರದ ಕೆಲಸ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯವರು 1991ರಿಂದ 2000ದವರೆಗೆ ತಮ್ಮಲ್ಲಿಗೆ ಬಂದ ಇಂಥ 1352 ಪ್ರಕರಣಗಳನ್ನು ಪರಿಶೀಲಿಸಿದರು. ಅರ್ಧಕ್ಕೂ ಹೆಚ್ಚು ಜನರಿಗೆ ಮೊದಲು ಕಣ್ಣಿಗೆ ಪೆಟ್ಟು ಬಿದ್ದಿತ್ತು. ಸಿಕ್ಕಿದ ಶಿಲೀಂಧ್ರಗಳಲ್ಲಿ ಫ್ಯುಸೇರಿಯಂ, ಆಸ್ಪರ್ಜಿಲಸ್‌ಗಳದೇ ದೊಡ್ಡ ಪಾಲು. ಎರಡೂ ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಇರುವಂಥವೇ.

ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವೇ ಕಾರ್ನಿಯಾ. ಅದು ಅರ್ಧ ಮಿಲಿಮೀಟರಿನಷ್ಟು ದಪ್ಪ, ಅದರಲ್ಲಿ ರಕ್ತನಾಳವಿಲ್ಲ. ಶಿಲೀಂಧ್ರದ ಎಳೆಗಳು ಅದರೊಳಗೆ ಆಳಕ್ಕೆ ಇಳಿಯುತ್ತವೆ. ನಾಟಾಮೈಸಿನ್ ಎಂಬ ಔಷಧಿಗೆ ಅಷ್ಟು ಆಳಕ್ಕೆ ಇಳಿಯಲು ಆಗದು. ಸ್ಟೆರಾಯ್ಡ್ ಇರುವ ಡ್ರಾಪ್ಸ್ ಹಾಕಿದರೆ ಕಣ್ಣಿನ ಕಾವಲು ಕುಗ್ಗಿ ಶಿಲೀಂಧ್ರಕ್ಕೆ ಹಬ್ಬ. ಕಾವಲು ಮಿತಿಮೀರಿದರೂ ಕಷ್ಟ: ಬಿಳಿರಕ್ತಕಣ ಬಿಡುವ ಕಿಣ್ವಗಳು ಕಾರ್ನಿಯಾವನ್ನೇ ಕರಗಿಸುತ್ತವೆ. ಹಾಗಾದರೆ ಶಿಲೀಂಧ್ರವನ್ನು ಕೊಂದು ಕಣ್ಣನ್ನು ಉಳಿಸುವುದು ಹೇಗೆ? ಇದಕ್ಕೆ ಪೂರ್ತಿ ಉತ್ತರ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಪೋಸ್ಟ್‌ಡಾಕ್ ಇರುವುದೇ ಇಂಥ ಪ್ರಶ್ನೆಗಳಿಗಾಗಿ.

ಪಿಎಚ್‌ಡಿ ಮುಗಿದ ಮೇಲೆ ಇನ್ನೊಂದು ಪ್ರಯೋಗಶಾಲೆ ಸೇರಿ, ಎರಡು ಮೂರು ವರ್ಷ ನಿಮ್ಮದೇ ಪ್ರಶ್ನೆಯನ್ನು ಬೆನ್ನುಹತ್ತುವ ಕೆಲಸ ಅದು. ಅದಕ್ಕೆ ಎಂಬಿಬಿಎಸ್ ಬೇಕಿಲ್ಲ. ಜೀವರಸಾಯನ, ಸೂಕ್ಷ್ಮಜೀವಿ ವಿಜ್ಞಾನ, ಕಂಪ್ಯೂಟರ್ ಓದಿದವರಿಗೂ ಅಲ್ಲಿ ಕೈತುಂಬ ಕೆಲಸವಿದೆ. ಬಿಎಸ್ಸಿ ಆದವಾನಿಯಲ್ಲೇ ಆಗಲಿ, ಎಂಎಸ್ಸಿ ಬಳ್ಳಾರಿಯಲ್ಲೋ ಕರ್ನೂಲಿನಲ್ಲೋ ಆಗಲಿ. ಆಮೇಲೆ ಸಿಎಸ್‌ಐಆರ್ ನೆಟ್ ಪರೀಕ್ಷೆ. ಅದರಲ್ಲಿ ಗೆದ್ದರೆ ಸಿಗುವ ಜೆಆರ್‌ಎಫ್ ಫೆಲೋಶಿಪ್‌ಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಪಿಎಚ್‌ಡಿ ಆದ ರಿಸರ್ಚ್ ಅಸೋಸಿಯೇಟ್‌ಗೆ ಮೊದಲ ಹಂತದಲ್ಲೇ 58,000, ಜೊತೆಗೆ ಮನೆ ಬಾಡಿಗೆ ಭತ್ಯೆ. ದಾರಿ ಉದ್ದ, ಕೆಲಸ ಕಾಯಂ ಅಲ್ಲ. ಮನೆಯಲ್ಲಿ "ನೌಕರಿ ಯಾವಾಗಪ್ಪಾ" ಎಂದು ಕೇಳುತ್ತಲೇ ಇರುತ್ತಾರೆ. ಇದನ್ನು ಮುಚ್ಚಿಟ್ಟು ಹುರಿದುಂಬಿಸಿದರೆ ನನ್ನ ಮಾತಿಗೆ ಬೆಲೆ ಇರದು.

ಆದರೂ ಈ ಕೆಲಸ ಯಾಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ. ನಟ ಪುನೀತ್ ರಾಜ್‌ಕುಮಾರ್ ಪೋಸ್ಟರ್ ನಿಮ್ಮೂರಿನ ಗೋಡೆಗಳಲ್ಲೂ ಇದ್ದೀತು. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ದಾನದ ಕಣ್ಣುಗಳ ಎರಡು ಕಾರ್ನಿಯಾಗಳ ಪದರ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು: ಮುಂದಿನ ಪದರ ಇಬ್ಬರಿಗೆ, ಹಿಂದಿನದು ಇನ್ನಿಬ್ಬರಿಗೆ. ಎರಡು ಕಣ್ಣು ನಾಲ್ಕಾದದ್ದಕ್ಕೆ ನಾವೆಲ್ಲ ಕಣ್ಣೀರು ಹಾಕಿದೆವು. ಯಾವ ಪದರ ಏನು ಮಾಡುತ್ತದೆ ಎಂದು ಹಗಲಿರುಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವರ ನೆನಪು ಮಾತ್ರ ಯಾರಿಗೂ ಆಗಲಿಲ್ಲ.

ನಿಮ್ಮ ಇಂಗ್ಲಿಷ್ ತಡವರಿಸುತ್ತದೆ, ಗೊತ್ತು. ಒಂದೆರಡು ವರ್ಷದಲ್ಲಿ ಸರಿಹೋಗುತ್ತದೆ. ನಿಮ್ಮಲ್ಲಿರುವುದು ದೊಡ್ಡ ಲ್ಯಾಬಿನವರಿಗೆ ಸುಲಭಕ್ಕೆ ಸಿಗುವಂಥದ್ದಲ್ಲ. 1953ರಲ್ಲಿ ಬಳ್ಳಾರಿಯಿಂದ ಕಳಚಿ ಆಂಧ್ರಕ್ಕೆ ಸೇರಿದ ಈ ತಾಲ್ಲೂಕುಗಳ ಹುಡುಗರು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಗೆಳೆಯರ ಜೊತೆ ಉರ್ದು ಕಲಿತು ಬೆಳೆದವರು. ಕಣ್ಣಿಗೆ ಏನು ಹಾಕಿದೆ ಎಂಬ ಗುಟ್ಟನ್ನು ಹತ್ತಿಹೊಲದ ಹೆಂಗಸು ಬಿಳಿ ಕೋಟಿನವರಿಗೆ ಹೇಳಲಿಕ್ಕಿಲ್ಲ, "ಯವ್ವಾ, ಏನ್ ಹಾಕಿದ್ದಿ?" ಎಂದು ಕೇಳಿದವರಿಗೆ ಹೇಳುತ್ತಾಳೆ. ಸಂಶೋಧನೆಯ ಮೊದಲ ದತ್ತಾಂಶ ಅದೇ.

ತಮ್ಮಾ, ತಂಗೀ, ಪಿಎಚ್‌ಡಿವರೆಗೆ ಕಾಯಬೇಡಿ. ಈ ಸುಗ್ಗಿಯಲ್ಲೇ ಎರಡು ರೂಪಾಯಿ ಪೆನ್ನು, ಒಂದು ನೋಟ್‌ಬುಕ್ ಹಿಡಿದು ನಿಮ್ಮ ಓಣಿಯಲ್ಲಿ ಹೂ ಬಿದ್ದ ಕಣ್ಣಿನವರನ್ನು ಮಾತಾಡಿಸಿ. ಹೆಸರು ಬೇಡ. ಯಾವ ಬೆಳೆ, ಏನು ತಾಗಿತು, ಏನು ಹಾಕಿದರು, ಎಷ್ಟನೇ ದಿನ ಆಸ್ಪತ್ರೆ ಮುಟ್ಟಿದರು, ಇಷ್ಟು ಬರೆದಿಡಿ. ಇವತ್ತು ಕಣ್ಣಿಗೆ ಗೀರಿಸಿಕೊಂಡು ಬಂದವರು ಸಿಕ್ಕರೆ ಬರೆಯುತ್ತ ಕೂರಬೇಡಿ, ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ.