ಸಭೆಯ ಬಾಗಿಲು



ಕೆಲವು ವರ್ಷಗಳ ಹಿಂದೆ ಒಂದು ಸರಕಾರಿ ಮಂಡಳಿಯ ಕಚೇರಿಗೆ ನಾನು ಹೋಗಿದ್ದೆ. ಮಲ್ಲಸಮುದ್ರದ ನಮ್ಮ ನೆರೆಯ ರೈತರೊಬ್ಬರು ಜೊತೆಗಿದ್ದರು. ಅವರ ಹೊಲಕ್ಕೆ ಸಂಬಂಧಿಸಿದ ವಿಷಯವು ಅಂದಿನ ಸಭೆಯ ಮುಂದೆ ಬರುವುದಿತ್ತು. ಮಾತನಾಡಬೇಕೆಂಬ ಹಟ ಅವರಿಗಿರಲಿಲ್ಲ. ಒಂದು ಮೂಲೆಯಲ್ಲಿ ಕುಳಿತು ಕೇಳಿದರೆ ಸಾಕಾಗಿತ್ತು. ಬಾಗಿಲಲ್ಲಿದ್ದ ಜವಾನನು ಸೌಜನ್ಯದಿಂದಲೇ ತಡೆದ: “ಒಳಗ ಮೀಟಿಂಗ್ ನಡದೈತ್ರೀ ಸರ, ಹೊರಗ ಕುಂದರ್ರಿ.” ಎರಡು ತಾಸು ಕುಳಿತೆವು. ಬಾಗಿಲು ತೆರೆದಾಗ ಚಹದ ಬಟ್ಟಲುಗಳು ಹೊರಬಂದವು, ಸದಸ್ಯರು ಹೊರಬಂದರು. ತೀರ್ಮಾನ ಮಾತ್ರ ಅಂಚೆಯ ಮೂಲಕ ಬರಲು ಮೂರು ತಿಂಗಳು ಹಿಡಿಯಿತು. ಅದನ್ನು ಓದಿಸಿಕೊಂಡ ರೈತರು ಹೇಳಿದರು: “ನನ್ನ ವಿರುದ್ಧ ಆತು ಅಂತ ಬ್ಯಾಸರಿಲ್ಲರೀ. ಯಾಕ ಆತು ಅನ್ನೂದು ತಿಳೀವಲ್ದು.”

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಶಾಸನಗಳನ್ನು ಪಾಠ ಹೇಳಿದವನು ನಾನು. ಗದುಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಗುಡಿಗಳು ನಮಗೆ ಕೂಗಳತೆಯಲ್ಲಿವೆ. ಅಲ್ಲಿಯ ದಾನಶಾಸನಗಳು ಕೊಟ್ಟವರು ಯಾರು, ಕೊಟ್ಟದ್ದೇನು, ಯಾವ ಉದ್ದೇಶಕ್ಕೆ ಎಂಬುದನ್ನು ಕಲ್ಲಿನಲ್ಲಿ ಬರೆದು ಎಲ್ಲರ ಕಣ್ಣೆದುರಿಗೆ ನಿಲ್ಲಿಸಿವೆ. ‘ಸಮಕ್ಷಮ’ ಎಂಬ ಮಾತನ್ನು ನಾವು ಈಗಲೂ ಬಳಸುತ್ತೇವೆ. ಕಣ್ಣಿನ ಮುಂದೆ ಎಂಬುದೇ ಅದರ ಅರ್ಥ. ಅಂದಿನ ಸಭೆಗಳಲ್ಲಿ ಎಲ್ಲರಿಗೂ ಸ್ಥಾನವಿತ್ತೆಂದು ನಾನು ಹೇಳಲಾರೆ; ಇರಲಿಲ್ಲ. ಆದರೆ ಎಲ್ಲರಿಗೂ ಸ್ಥಾನ ಕೊಟ್ಟೆವೆಂದು ಹೇಳಿಕೊಳ್ಳುವ ಇಂದಿನ ಆಡಳಿತದಲ್ಲಿ ಕಣ್ಣೆದುರಿನ ಮಾತು ಎಷ್ಟು ಉಳಿದಿದೆ?

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮಸಭೆಗೆ ಆ ಕ್ಷೇತ್ರದ ಮತದಾರರೆಲ್ಲರೂ ಸದಸ್ಯರು. ಅಲ್ಲಿ ರೈತನು ಹಕ್ಕಿನಿಂದ ಕುಳಿತುಕೊಳ್ಳಬಲ್ಲ. ಆದರೆ ಮಂಡಳಿ, ಪ್ರಾಧಿಕಾರ, ನಿಗಮಗಳೆಂದು ಮೇಲೇರಿದಂತೆಲ್ಲ ಬಾಗಿಲು ಕಿರಿದಾಗುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಕಲಮಿನಲ್ಲಿ ಒಂದು ಸಣ್ಣ ಮಾತಿದೆ. ಪ್ರತಿಯೊಂದು ಸಾರ್ವಜನಿಕ ಸಂಸ್ಥೆಯೂ ತನ್ನ ಮಂಡಳಿ, ಸಮಿತಿಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ಅವುಗಳ ನಡಾವಳಿ ಜನರಿಗೆ ದೊರೆಯುತ್ತದೆಯೇ ಎಂಬುದನ್ನು ಯಾರೂ ಕೇಳದೆಯೇ ತಾನಾಗಿ ಪ್ರಕಟಿಸಬೇಕು. ಬಾಗಿಲು ತೆರೆಯಲೇಬೇಕೆಂದು ಕಾಯಿದೆ ಹೇಳಲಿಲ್ಲ. ತೆರೆದಿದೆಯೋ ಇಲ್ಲವೋ ಎಂಬುದನ್ನಾದರೂ ಹೇಳಿರಿ ಎಂದಿತು. ‘ಇಲ್ಲ’ ಎಂಬ ಒಂದು ಶಬ್ದವನ್ನು ಬರೆದರೂ ಕಾಯಿದೆಯ ಪಾಲನೆಯಾದಂತೆಯೇ! ತೆರೆಯದಿದ್ದುದಕ್ಕೆ ಕಾರಣ ಕೇಳುವ ಕೆಲಸ ನಮಗೆ ಉಳಿದಿದೆ.

ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಪ್ಪತಗುಡ್ಡವೇ ನಿದರ್ಶನ. ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸುವಾಗ ಸ್ಥಳೀಯ ಜನರೊಡನೆ ಸಮಾಲೋಚಿಸಬೇಕೆಂದು ವನ್ಯಜೀವಿ ಕಾಯಿದೆಯೇ ಹೇಳುತ್ತದೆ. 2015ರಲ್ಲಿ ಗುಡ್ಡಕ್ಕೆ ಆ ರಕ್ಷಣೆ ದೊರೆಯಿತು. 2016ರಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು. ಆ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿ ತಿಳಿದೆ. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದಾದರು, ಜನ ಬೀದಿಗಿಳಿದರು. 2017ರಲ್ಲಿ ರಕ್ಷಣೆ ಮರಳಿ ಬಂತು; 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ಅಭಯಾರಣ್ಯವಾಯಿತು. ಫಲ ಒಳ್ಳೆಯದೇ. ಆದರೆ ಸಭೆಯೊಳಗೆ ಕೇಳಬೇಕಾಗಿದ್ದ ಧ್ವನಿಯನ್ನು ಬೀದಿಯಲ್ಲಿ ಕೂಗಿ ಕೇಳಿಸಬೇಕಾಯಿತು. ಪ್ರತಿ ಗುಡ್ಡಕ್ಕೂ, ಪ್ರತಿ ಕೆರೆಗೂ, ಪ್ರತಿ ಹೊಲಕ್ಕೂ ಅಂಥ ಸ್ವಾಮಿಗಳು ದೊರೆಯುವರೇ?

ಬಾಗಿಲು ತೆರೆದರೆ ಸದಸ್ಯರು ಮನಬಿಚ್ಚಿ ಮಾತನಾಡಲಾರರು, ಸಭೆ ಭಾಷಣದ ಕಟ್ಟೆಯಾದೀತು ಎಂದು ಅನುಭವಿಗಳಾದ ಅಧಿಕಾರಿಗಳು ಹೇಳುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ನೌಕರನೊಬ್ಬನ ಮೇಲಿನ ವಿಚಾರಣೆ, ಟೆಂಡರಿನ ದರ ಇಂಥವು ಕೆಲಕಾಲ ಗುಪ್ತವಾಗಿರುವುದೇ ನ್ಯಾಯ. ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ದಾರಿಯನ್ನು ಕಂಡುಕೊಂಡರು. ಮುಂದೆ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ಅವರು ಪಾರ್ಲಿಮೆಂಟಿನ ತಮ್ಮ ಮೊದಲ ಭಾಷಣದಲ್ಲಿ ಮಂಡಿಸಿದ ಮಸೂದೆಯು 1960ರಲ್ಲಿ ಕಾಯಿದೆಯಾಯಿತು. ಸಭೆಯ ಸೂಚನೆಯನ್ನು ಮೂರು ದಿನ ಮೊದಲೇ ಹಚ್ಚಬೇಕು. ಜನರನ್ನು ಹೊರಗಿಡಬೇಕಾದರೆ ಠರಾವು ಮಾಡಿ, ಅದರಲ್ಲಿ ಕಾರಣವನ್ನು ಹೇಳಬೇಕು. ಎಂದರೆ ತೆರೆದಿರುವುದು ನಿಯಮ, ಮುಚ್ಚುವುದು ಅಪವಾದ. ನಮ್ಮಲ್ಲಿ ಇದು ತಿರುವುಮುರುವಾಗಿದೆ.

ನಾವು ಕೇಳಬೇಕಾದುದು ಹೆಚ್ಚೇನಲ್ಲ. ಸಭೆಗೆ ಮೊದಲು ವಿಷಯಪಟ್ಟಿಯನ್ನು ಕನ್ನಡದಲ್ಲಿ ಫಲಕಕ್ಕೆ ಹಚ್ಚಲಿ. ಒಳಗೆ ಹಿಂದಿನ ಸಾಲಿನಲ್ಲಿ ಹತ್ತು ಕುರ್ಚಿಗಳಿರಲಿ. ಅನಂತರ ನಡಾವಳಿಯನ್ನು ಕಾರಣಸಹಿತವಾಗಿ ಬರೆದು ಬೇಗನೆ ಪ್ರಕಟಿಸಲಿ. ಇದರಿಂದ ಎಲ್ಲ ತೀರ್ಮಾನಗಳೂ ಸರಿಯಾಗಿಬಿಡುತ್ತವೆಂದು ನಾನು ನಂಬಿಲ್ಲ. ತನ್ನ ವಿರುದ್ಧವಾದ ತೀರ್ಮಾನವನ್ನೂ ಒಪ್ಪಿಕೊಳ್ಳುವಷ್ಟು ದೊಡ್ಡತನ ನಮ್ಮ ರೈತನಿಗಿದೆ. ಅದು ಯಾಕೆ ಆಯಿತೆಂಬುದು ಅವನಿಗೆ ತಿಳಿಯಬೇಕು.

ಆ ಹತ್ತು ಕುರ್ಚಿಗಳನ್ನು ಹಾಕಿಸಿದ ದಿನ ಅವು ಖಾಲಿ ಉಳಿಯದಂತೆ ನೋಡಿಕೊಳ್ಳುವುದು ನಿಮ್ಮ, ನನ್ನ ಕರ್ತವ್ಯ.

(ಬಾನುಲಿ ಭಾಷಣದ ಪಾಠ)